ಕಲಕದ ಸ್ಯಾಂಪಲ್

ಮೇ 3, ಬೆಳಿಗ್ಗೆ 9.40

ಕುಡಿಯುವ ಮುಂಚೆ 2,740. ಕುಡಿದ ಮೇಲೆ 2,770. ನಲವತ್ತು ನಿಮಿಷ ಚೀಪಿ ಮೂವತ್ತು ಗ್ರಾಂ! ಬಟ್ಟೆ ಅದೇ, ಟವೆಲ್ ಅದೇ, ತಕ್ಕಡಿಯ ಸೊನ್ನೆ ಎರಡು ಸಲ ನೋಡಿದ್ದೇನೆ. ತಪ್ಪು ತಕ್ಕಡಿಯದಲ್ಲ.

ಈರುಳ್ಳಿ ತೂಗುವ ತಕ್ಕಡಿಯ ಮೇಲೆ ಹದಿಮೂರು ದಿನದ ಮಗು. ನೋಡಿದವರು ನಗಬೇಕು. ನೋಡುವವರೇ ಇಲ್ಲ, ಲಾಕ್‌ಡೌನ್. ಒಂಬತ್ತು ವರ್ಷ ಡೇರಿಯ ಲ್ಯಾಬಿನಲ್ಲಿ ಹಾಲು ಪರೀಕ್ಷೆ ಮಾಡಿದ ಕೈ ಇದು, ಅಳೆಯದೆ ಸುಮ್ಮನಿರುವುದಿಲ್ಲ. ಹುಟ್ಟಿದಾಗ 2,800 ಇದ್ದಳು. ಇನ್ನೂ ಅಲ್ಲಿಗೇ ಮುಟ್ಟಿಲ್ಲ. ಚೋಟುದ್ದ ಇದ್ದಾಳೆ ಅಂತ ಚೋಟಿ ಎಂದೇ ಕರೆಯುತ್ತಿದ್ದೇವೆ. ಆ ಹೆಸರೇ ಗಟ್ಟಿಯಾಗಿಬಿಟ್ಟರೆ ಕಷ್ಟ.

ಮೇ 5, ಮಧ್ಯಾಹ್ನ

ಇವರು ಬಂದರು. ಹಾಲಿನ ಟ್ಯಾಂಕರ್ ಓಡಿಸುವವರಿಗೆ ಲಾಕ್‌ಡೌನ್ ಇಲ್ಲ. ನಾಲ್ಕು ಊರು ಸುತ್ತಿ ಬರುವುದು, ಹಿತ್ತಲಲ್ಲಿ ಸ್ನಾನ, ಮುಂದಿನ ರೂಮಿನಲ್ಲಿ ಊಟ, ಅಲ್ಲೇ ನಿದ್ದೆ. ಮಗಳನ್ನು ನೋಡುವುದು ಹೊಸ್ತಿಲಾಚೆಯಿಂದ, ಮಾಸ್ಕ್ ಹಾಕಿಕೊಂಡು. ಇವತ್ತು ಕೈಕಟ್ಟಿ ನಿಂತು ಹತ್ತು ನಿಮಿಷ ನೋಡಿದರು.

"ಮೂಗು ನನ್ನದೇ ಕಣೇ."

"ನಿಮ್ಮ ಮೂಗು ಮಾಸ್ಕಿನೊಳಗಿದೆ. ಹೇಗೆ ಹೇಳಲಿ?" ಅಂದೆ.

ನಕ್ಕರು. ನಾನೂ ನಕ್ಕೆ. ಬಾಗಿಲು ಮುಂದಕ್ಕೆ ತಳ್ಳಿದ ಮೇಲೆ ಅತ್ತೆ. ಯಾಕೆ ಅಂತ ಗೊತ್ತಿಲ್ಲ.

ಅಮ್ಮನ ಫೋನ್ ಮೂರು ಸಲ. ಇಲ್ಲಿಗೆ ಬರಲು ಪಾಸ್ ಸಿಕ್ಕಿಲ್ಲ. ಮೂರು ಸಲವೂ ಒಂದೇ ಪ್ರಶ್ನೆ — "ಹಾಲು ಸಾಕಾಗ್ತಿದೆಯೇನೇ?" ಸಾಕಾಗ್ತಿದೆ ಅಮ್ಮಾ. ಸಾಕಾಗ್ತಿದೆ ಅಮ್ಮಾ. ಸಾಕಾಗ್ತಿದೆ.

ಆರೋಗ್ಯ ಕೇಂದ್ರದ ಸಿಸ್ಟರ್ ಕೂಡ ಫೋನ್ ಮಾಡಿದ್ದರು. ಈಗ ಮನೆಗೆ ಬರುವಂತಿಲ್ಲವಂತೆ, ವಾರವಾರ ಫೋನಿನಲ್ಲೇ ವಿಚಾರಿಸುತ್ತಾರಂತೆ. ದಪ್ಪ ದನಿ. ಮಾತಿನ ನಡುವೆ ಟೀ ಕುಡಿಯುವ ಸದ್ದು. ಮುಖ ನೋಡಿಲ್ಲ. "ತೂಗೋದು ಬಿಡಿ. ದಿನಕ್ಕೆ ಆರು ಬಟ್ಟೆ ಒದ್ದೆ ಮಾಡಿದ್ರೆ ಹಾಲು ಹೋಗ್ತಿದೆ ಅಂತಲೇ ಅರ್ಥ" ಅಂದರು. ಹೂಂ ಅಂದೆ. ಫೋನಿಟ್ಟು ತೂಗಿದೆ.

ಮೇ 8, ಬೆಳಿಗ್ಗೆ 6.15

ಪಂಪ್ ಹಾಕಿ ಹದಿನೈದು ಎಂ.ಎಲ್. ತೆಗೆದೆ. ಚೋಟಿ ಇನ್ನೂ ಎದ್ದಿರಲಿಲ್ಲ. ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿದೆ. ತೆಳು. ನೀಲಿ ಛಾಯೆ. ಗಾಜಿಗೆ ಅಂಟುವುದೇ ಇಲ್ಲ, ಜಾರಿ ಹೋಗುತ್ತದೆ.

ಡೇರಿಯಲ್ಲಿ ಹಾಲು ಇಳಿಸಿಕೊಳ್ಳುವ ಡಾಕ್‌ಗೆ ಇಂಥ ಕ್ಯಾನ್ ಬಂದರೆ ಮುಚ್ಚಳ ತೆಗೆದವಳೇ ವಾಪಸ್ ಕಳಿಸುತ್ತಿದ್ದೆ. "ನೀರು ಹಾಕಿದ್ದೀರಾ?" ಅಂತ ಕೇಳುವ ದನಿ ಕೂಡ ನನಗೇ ಕೇಳಿಸಿತು.

ಚಿಕ್ಕ ಶೀಶೆಗೆ ಹಾಕಿ, ಬಿಗಿಯಾಗಿ ಮುಚ್ಚಿ, ಇವರ ಕೈಗೆ ಕೊಟ್ಟೆ. "ಲ್ಯಾಬಲ್ಲಿ ಕೊಡಿ. ಫ್ಯಾಟ್ ಎಷ್ಟು ಅಂತ ನೋಡಲಿ. ಯಾರ ಹಾಲು ಅಂತ ಹೇಳ್ಬೇಡಿ."

"ಯಾರದು ಅಂದ್ರೆ ಏನನ್ಲಿ?"

"ಹೊಸ ಸಪ್ಲೈಯರ್ ಅನ್ನಿ."

ತಮಾಷೆಗೆ ಅಂದದ್ದಲ್ಲ.

ಮೇ 8, ಸಂಜೆ

1.8.

ನಮ್ಮಲ್ಲಿ ಹಸುವಿನ ಹಾಲಿಗೆ ಕನಿಷ್ಠ ಮೂರೂವರೆ ಬೇಕು. ಒಂದು ಪಾಯಿಂಟ್ ಎಂಟು ಬಂದರೆ ಎರಡನೇ ಮಾತಿಲ್ಲ. ರಿಜಿಸ್ಟರಿನಲ್ಲಿ ಕೆಂಪು ಇಂಕು.

ಹಸುವಿನ ಲೆಕ್ಕ ಮನುಷ್ಯರಿಗೆ ಬರುವುದಿಲ್ಲ ಅಂತ ಗೊತ್ತು. ಗೊತ್ತಿದ್ದೂ ಚೀಟಿಯನ್ನು ಮತ್ತೆ ಮತ್ತೆ ಓದಿದೆ. ಹದಿನೆಂಟು ದಿನ ನನ್ನ ಮಗಳಿಗೆ ಕೊಟ್ಟದ್ದು ಬರೀ ನೀರೇ?

ಮೇ 10

ನಿನ್ನೆ ಇವರು ಮೂರು ಅಂಗಡಿ ಸುತ್ತಿ ಎರಡು ಡಬ್ಬಿ ಹಾಲಿನ ಪುಡಿ ತಂದರು. ಬೇಡ ಅನ್ನಲಿಲ್ಲ, ಬೇಕು ಅನ್ನಲೂ ಇಲ್ಲ, ತಂದಿಟ್ಟರು. ಆಗಿನಿಂದ ಎದೆಗೆ ಹಾಕಿಲ್ಲ. ಚೋಟಿ ಬಾಟಲಿ ಗಟಗಟ ಕುಡಿದು ನಿದ್ದೆ ಹೋದಳು. ಎಷ್ಟು ಸುಲಭ. ಎದೆ ಕಲ್ಲಾಗಿದೆ, ಜ್ವರ ಬಂದ ಹಾಗೆ ಬಿಸಿ. ಅಂಗಿ ಒದ್ದೆ. ಯಾರಿಗೂ ಬೇಡದ ಹಾಲು, ನಿಲ್ಲುವುದಕ್ಕೂ ಒಪ್ಪುತ್ತಿಲ್ಲ.

ಪಂಪ್ ಮಾಡಿ ಸಿಂಕಿಗೆ ಸುರಿದೆ. ರಿಜೆಕ್ಟ್ ಆದದ್ದು ಹೋಗುವುದು ಅಲ್ಲಿಗೇ.

ಮೇ 12, ಬೆಳಿಗ್ಗೆ 11

ಗಾಜಿನಕ್ಕನ ಫೋನ್. ಲ್ಯಾಬಿನ ಗಾಜಿನ ಸಾಮಾನು ತೊಳೆಯುವವಳು, ಅದಕ್ಕೇ ಆ ಹೆಸರು. ಮನೆಯಲ್ಲಿ ಎರಡು ಹಸು ಸಾಕಿದ್ದಾಳೆ. ಇವರು ಬಾಯಿ ಬಿಟ್ಟಿದ್ದಾರೆ! ಹಲೋ ಇಲ್ಲ ಏನಿಲ್ಲ, ಶುರು.

"ಏನೇ, ನಿನ್ನ ಹಾಲನ್ನ ನೀನೇ ರಿಜೆಕ್ಟ್ ಮಾಡ್ಕೊಂಡೆಯಂತೆ?"

"ಒಂದು ಪಾಯಿಂಟ್ ಎಂಟು ಬಂತಕ್ಕಾ."

"ಯಾವ ಹಾಲು ಕೊಟ್ಟೆ? ಮೊದಲು ಬಂದದ್ದಾ, ಕೊನೇದಾ?"

ಚೋಟಿ ಏಳುವ ಮುಂಚೆ ತೆಗೆದ, ಮೊದಲಿನ ಹದಿನೈದು ಎಂ.ಎಲ್.

"ನನ್ನ ಹಸುನ ಮೊದಲ ನಾಲ್ಕು ಧಾರೆ ಹಿಡ್ಕೊಂಡು ಟೆಸ್ಟ್ ಮಾಡಿದ್ರೆ ಅದೂ ನೀರೇ. ಕೆನೆ ಇರೋದು ಕೊನೇ ಧಾರೇಲಿ. ಕ್ಯಾನ್ ಕಲಕದೆ ಸ್ಯಾಂಪಲ್ ತೆಗೆದ್ಲು ಅಂತ ಆ ಟ್ರೈನಿ ಹುಡುಗೀನ ಎಷ್ಟು ಬೈದಿದ್ದೆ ನೀನು? ಅವಳು ಅತ್ಕೊಂಡು ನನ್ನ ಹತ್ರ ಬಂದಿದ್ಲು. ಈಗ ನೀನು ಮಾಡಿರೋದೇನು?"

ಕಲಕದ ಸ್ಯಾಂಪಲ್. ನಾನು! ಒಂಬತ್ತು ವರ್ಷದ ಸರ್ವಿಸ್!

"ಮೊದಲು ಕೂಸನ್ನ ಎದೆಗೆ ಹಾಕು. ಒಂದು ಕಡೆ ಪೂರ್ತಿ ಖಾಲಿ ಮಾಡ್ಲಿ. ಆಮೇಲೆ ಬೇಕಾದ್ರೆ ನಿನ್ನ ಸೈನ್ಸು" ಅಂದು ಫೋನಿಟ್ಟಳು.

ಹಾಕಿದೆ. ಮೂರು ದಿನ ಬಿಟ್ಟಿದ್ದಕ್ಕೆ ಮುನಿಸಿಕೊಂಡಿರುತ್ತಾಳೆ ಅಂದುಕೊಂಡಿದ್ದೆ. ಮುನಿಸೂ ಇಲ್ಲ ಏನೂ ಇಲ್ಲ. ಮೂಗು ಒತ್ತಿಕೊಂಡು, ಹಣೆ ಬೆವರಿಸಿಕೊಂಡು ಕುಡಿದಳು. ಕೊನೆಗೆ ಹನ್ನೆರಡು ಎಂ.ಎಲ್. ತೆಗೆದೆ. ಹಳದಿ ಛಾಯೆ. ಗಾಜಿಗೆ ಅಂಟಿತು.

ಮೇ 13

5.2.

ಇವರು ಹೊಸ್ತಿಲಾಚೆ ಎರಡೂ ಕೈ ಮೇಲೆತ್ತಿ ಕುಣಿದರು, ಆ ದೊಡ್ಡ ಆಳು. "ಎಮ್ಮೆಗೆ ಸಮ ಕಣೇ!" ಹೆಂಡತಿಯನ್ನು ಹೊಗಳುವ ರೀತಿಯಾ ಇದು? ಲ್ಯಾಬಿನಲ್ಲಿ ಚಪ್ಪಾಳೆ ಹೊಡೆದರಂತೆ. ಹೊಸ ಸಪ್ಲೈಯರ್ ಯಾರು ಅಂತ ಈಗ ಇಡೀ ಡೇರಿಗೆ ಗೊತ್ತು. ತೂಕವೂ 2,910.

ಎಲ್ಲ ಸರಿಹೋಯಿತು.

ನನಗೆ ಮಾತ್ರ ಏನೂ ಆಗಲಿಲ್ಲ. 5.2 ಅಂತ ಬರೆದ ಚೀಟಿಯನ್ನು ನೋಡುತ್ತಾ ಕೂತೆ. ಖುಷಿ ಬರಲಿ ಅಂತ ಕಾದೆ. ಬರಲಿಲ್ಲ. ಇಷ್ಟು ದಿನ ಹಾಲಿನಿಂದ ಹೀಗಾಗಿದೆ ಅಂದುಕೊಂಡಿದ್ದೆ. ಹಾಲು ಪಾಸಾಯಿತು. ಹಾಗಾದರೆ ಇದು ಏನು?

ಮೇ 15, ಮಧ್ಯಾಹ್ನ 12.30

ಸಿಸ್ಟರ್ ಹತ್ತು ಪ್ರಶ್ನೆ ಕೇಳಿದರು. ಹೆರಿಗೆಯಾದ ಎಲ್ಲರಿಗೂ ಕೇಳುವುದಂತೆ. ಕಳೆದ ಏಳು ದಿನ ಹೇಗಿತ್ತು — ಮುಂಚಿನ ಹಾಗೆ ನಗು ಬರುತ್ತಾ, ಸುಮ್ಮಸುಮ್ಮನೆ ಹೆದರಿಕೆ ಆಗುತ್ತಾ, ತಪ್ಪೆಲ್ಲ ನನ್ನದೇ ಅನ್ನಿಸುತ್ತಾ, ಅಳು ಬರುತ್ತಾ. ಒಂದೊಂದಕ್ಕೂ ಅಂಕ. ಅಂಕ ಹೆಚ್ಚಿದಷ್ಟೂ ಕಷ್ಟ ಹೆಚ್ಚು.

ಚೆನ್ನಾಗಿ ನಗ್ತೀನಿ ಸಿಸ್ಟರ್. ಹೆದರಿಕೆ ಇಲ್ಲ ಸಿಸ್ಟರ್.

ಪೂರ್ತಿ ಸೊನ್ನೆ ಬಂದರೆ ಅನುಮಾನ ಬರುತ್ತದೆ. ಅದಕ್ಕೇ ಒಂದೆರಡು ಕಡೆ "ಸ್ವಲ್ಪ ಸ್ವಲ್ಪ" ಅಂದೆ. ಹಾಲಿಗೆ ನೀರು ಬೆರೆಸಿದವರು ರೀಡಿಂಗ್ ಸರಿ ಬರಲಿ ಅಂತ ಮೇಲಿಷ್ಟು ಸಕ್ಕರೆ ಹಾಕುತ್ತಾರೆ. ಅಂಥವರನ್ನು ಹಿಡಿಯುವುದೇ ನನ್ನ ಕೆಲಸವಾಗಿತ್ತು.

ಹತ್ತನೆಯ ಪ್ರಶ್ನೆ — ನಿಮಗೆ ನೀವೇ ಏನಾದರೂ ಮಾಡಿಕೊಳ್ಳಬೇಕು ಅಂತ ಯೋಚನೆ ಬಂದಿತ್ತಾ?

"ಛೇ ಛೇ. ಇಲ್ಲಪ್ಪ."

"ಒಟ್ಟು ಎರಡು ಅಂಕ. ಚೆನ್ನಾಗಿದ್ದೀರಿ" ಅಂದರು. ಆಮೇಲೆ, "ನಂಬರ್ ಇದೆಯಲ್ಲ. ಯಾವಾಗ ಬೇಕಾದ್ರೂ ಮಾಡಿ, ನಾನೇ ಎತ್ತೋದು" ಅಂದರು.

ಯಾಕೆ ಸುಳ್ಳು ಹೇಳಿದೆ? ನಿಜ ಹೇಳಿದರೆ ಮಗುವನ್ನು ನನ್ನಿಂದ ತೆಗೆದುಕೊಳ್ಳುತ್ತಾರೆ ಅನ್ನಿಸಿತು. ತೆಗೆದುಕೊಳ್ಳಲಿ ಅಂತಲೂ ಅನ್ನಿಸಿತು.

ಮೇ 22

ಒಂದು ವಾರ ಬರೆದಿಲ್ಲ. ಬರೆಯಲು ಏನಿದೆ. ಹಾಲು, ಬಟ್ಟೆ, ಹಾಲು, ಬಟ್ಟೆ.

ನಾನಿಲ್ಲದಿದ್ದರೆ ಇವಳಿಗೆ ಒಳ್ಳೆಯದು. ಇದನ್ನು ಬರೆದಿದ್ದು ಇಲ್ಲಿ ಮಾತ್ರ. ಬಾಯಲ್ಲಿ ಹೇಳಿಲ್ಲ. ಬಾಟಲಿಯಲ್ಲಿ ಕುಡಿಯಲು ಕಲಿತಿದ್ದಾಳೆ. ಅಮ್ಮ ಹೇಗಾದರೂ ಬಂದು ನೋಡಿಕೊಳ್ಳುತ್ತಾಳೆ. ಇವರಿಗೆ ವಯಸ್ಸಿನ್ನೂ ಇದೆ.

ಚೋಟಿ ನನ್ನನ್ನೇ ನೋಡುತ್ತಿದ್ದಳು. ಮುಖ ತಿರುಗಿಸಿಕೊಂಡೆ.

ಮೇ 24, ಮಧ್ಯಾಹ್ನ 3

ಹ್ಯಾಂಡೋವರ್ ಬರೆದೆ. ಲ್ಯಾಬಿನಲ್ಲಿ ಶಿಫ್ಟ್ ಬಿಡುವಾಗ ಬರೆಯುವ ಹಾಗೆ. ಪುಡಿ ಎಷ್ಟು ಚಮಚ, ನೀರು ಎಷ್ಟು ಬಿಸಿ, ತೇಗು ಬರಲು ಎಷ್ಟು ಹೊತ್ತು ತಟ್ಟಬೇಕು, ಯಾವ ಅಳು ಹಸಿವಿನದು, ಯಾವುದು ನಿದ್ದೆಯದು. ಎಡಗಿವಿಯ ಹಿಂದೆ ಹಾಲು ಇಳಿದು ಕೆಂಪಾಗುತ್ತದೆ, ಒರೆಸಬೇಕು. ಎರಡು ಪುಟ. ನೀಟಾಗಿ ಬಂದಿದೆ. ಕೆಳಗೆ ಸಹಿ, ಟೈಮು.

ಬಹಳ ದಿನದ ಮೇಲೆ ಮನಸ್ಸು ಹಗುರ. ಮೇಜಿನ ಮೇಲೆ ಇಟ್ಟಿದ್ದೇನೆ.

ಮೇ 25, ಬೆಳಿಗ್ಗೆ 10

ಬರೆಯಲು ಕೂತಿದ್ದೇನೆ. ಇವರು ಎದುರಿಗೇ ಇದ್ದಾರೆ, ಚೋಟಿ ಇವರ ಹೆಗಲ ಮೇಲೆ. ಮಾಸ್ಕ್ ಗೀಸ್ಕ್ ಏನೂ ಇಲ್ಲ. ನಿನ್ನೆ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮೂರೂವರೆಗೇ ಬಂದುಬಿಟ್ಟರು. ಅದೇನೋ ರೂಟ್ ಕ್ಲೋಸ್ ಆಗಿತ್ತಂತೆ. ಹಿತ್ತಲಿಗೆ ಹೋಗುತ್ತಾ ಕಿಟಕಿಯಿಂದ ಮೇಜು ನೋಡಿದ್ದಾರೆ. ಹಾಳೆ ನೋಡಿದ್ದಾರೆ. ಕೈ ಹಾಕಿ ತೆಗೆದುಕೊಂಡು ಓದಿದರು, ಅಲ್ಲೇ ನಿಂತು, ಎರಡೂ ಪುಟ. ಓದಿ ಹೊಗಳುತ್ತಾರೆ ಅಂದುಕೊಂಡಿದ್ದೆ. ನನ್ನ ಅಕ್ಷರ ಚೆಂದ ಅಂತ ಮೊದಲಿನಿಂದಲೂ ಅನ್ನುವವರು.

"ಇದಕ್ಕೆ ಸಹಿ ಯಾಕೆ ಹಾಕಿದೀಯ?"

"ಹ್ಯಾಂಡೋವರ್ ಅಲ್ವಾ. ಹಾಕ್ಬೇಕು."

"ಶಿಫ್ಟ್ ಬಿಟ್ಟು ಹೋಗೋವಾಗ ಹಾಕೋದು. ನೀನೆಲ್ಲಿಗೆ ಹೋಗ್ತಿದೀಯ?"

ಬಾಯಿ ತೆರೆದೆ, ಒಂದು ದನಿ ಬಂತು, ಅದು ನನ್ನದು ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಸ್ನಾನ ಇಲ್ಲ, ಸ್ಯಾನಿಟೈಸರ್ ಇಲ್ಲ. ಐದು ವಾರ ದಾಟದ ಹೊಸ್ತಿಲನ್ನು ಚಪ್ಪಲಿ ಸಮೇತ ದಾಟಿ ಬಂದರು. ನನ್ನನ್ನೂ ಮಗುವನ್ನೂ ಒಟ್ಟಿಗೆ ತಬ್ಬಿಕೊಂಡು ನೆಲದ ಮೇಲೆ ಕೂತರು. ಡೀಸೆಲ್ ವಾಸನೆ, ಬೆವರಿನ ವಾಸನೆ. ಎಲ್ಲ ಹೇಳಿಬಿಟ್ಟೆ. ಇವರು ಅಂದದ್ದು ಇಷ್ಟೇ — "ಹೂಂ", "ಆಮೇಲೆ?", "ಹೂಂ". ಕೊನೆಗೆ, "ಆ ಸಿಸ್ಟರ್ ನಂಬರ್ ಕೊಡು."

"ನಾನೇ ಮಾಡ್ತೀನಿ" ಅಂದೆ.

ಎರಡನೇ ರಿಂಗಿಗೇ ಎತ್ತಿದರು.

"ಸಿಸ್ಟರ್, ಆವತ್ತು ಕೊಟ್ಟ ಉತ್ತರ ಕಲಬೆರಕೆ. ಇನ್ನೊಂದ್ಸಲ ಕೇಳ್ತೀರಾ?"

ಟೀ ಲೋಟ ಕೆಳಗಿಟ್ಟ ಸದ್ದು. "ಕೇಳ್ತೀನಮ್ಮ. ಮೊದಲು ಹೇಳಿ, ಈಗ ಒಬ್ಬರೇ ಇದ್ದೀರಾ?"

"ಇಲ್ಲ. ಇವರಿದ್ದಾರೆ."

"ಮಗು?"

"ಇವರ ತೊಡೆ ಮೇಲಿದೆ."

"ಸರಿ. ಇವತ್ತು ಅವರು ಎಲ್ಲೂ ಹೋಗೋದು ಬೇಡ. ಈಗ ನಿಧಾನವಾಗಿ, ಒಂದೊಂದೇ."

ಹತ್ತೂ ಕೇಳಿದರು. ಹತ್ತಕ್ಕೂ ನಿಜ ಹೇಳಿದೆ, ಹತ್ತನೆಯದಕ್ಕೂ. ಮೂವತ್ತಕ್ಕೆ ಇಪ್ಪತ್ತೊಂದು. ಬೈಯುತ್ತಾರೆ ಅಂದುಕೊಂಡಿದ್ದೆ. "ಫೋನ್ ಮಾಡಿದ್ದು ಬಹಳ ಒಳ್ಳೇದಾಯ್ತು. ಇದು ಕಾಯಿಲೆ ಅಮ್ಮ. ಹೆರಿಗೆ ಆದ್ಮೇಲೆ ತುಂಬಾ ಜನಕ್ಕೆ ಬರುತ್ತೆ, ಈ ವರ್ಷ ಇನ್ನೂ ಜಾಸ್ತಿ. ನಿಮ್ಮ ತಪ್ಪಲ್ಲ. ವಾಸಿಯಾಗುತ್ತೆ. ಮಗುನ ಯಾರೂ ನಿಮ್ಮಿಂದ ಕಿತ್ಕೊಳ್ಳಲ್ಲ" ಅಂದರು. ಆ ಕೊನೆಯ ಮಾತನ್ನು ನಾನು ಕೇಳಿಯೇ ಇರಲಿಲ್ಲ. ಅವರಾಗಿಯೇ ಹೇಳಿದರು.

ಸಂಜೆ ಆರಕ್ಕೇ ಡಾಕ್ಟರು ವಿಡಿಯೋ ಕಾಲ್‌ನಲ್ಲಿ ಬಂದರು. ಮುಕ್ಕಾಲು ಗಂಟೆ ಮಾತಾಡಿದರು. ಮಾತ್ರೆ ಬರೆದರು. ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಂತೆ. ಗುಣ ಕಾಣಲು ಎರಡು ಮೂರು ವಾರವಂತೆ.

ಮೇ 28

ಮಾತ್ರೆ, ನಾಲ್ಕನೇ ದಿನ. ಗುಣ ಏನಿಲ್ಲ. ಬಾಯಿ ಒಣಗುತ್ತದೆ.

ಆದರೆ ನಿದ್ದೆ! ಸಿಸ್ಟರ್ ಇವರಿಗೆ ಆರ್ಡರ್ ಮಾಡಿದ್ದಾರೆ — "ಎದೆಹಾಲು ಒಳ್ಳೇದು, ಡಬ್ಬಿ ಹಾಲೇನು ವಿಷವಲ್ಲ. ದಿನಕ್ಕೊಂದು ಬಾಟಲಿ ಅಪ್ಪ ಕುಡಿಸ್ಲಿ, ತಾಯಿ ಐದು ಗಂಟೆ ಒಂದೇ ಸಮ ಮಲಗ್ಲಿ." ಟ್ಯಾಂಕರ್ ರಜೆಯಲ್ಲಿದೆ. ಇವರ ರೂಟನ್ನು ಉಳಿದ ಮೂವರು ಡ್ರೈವರುಗಳು ಹಂಚಿಕೊಂಡಿದ್ದಾರೆ, ಒಂದು ತಿಂಗಳು. ಯಾಕೆ ಅಂತ ಒಬ್ಬರೂ ಕೇಳಲಿಲ್ಲವಂತೆ. ಅವರ ಹೆಸರು ಕೂಡ ನನಗೆ ಸರಿಯಾಗಿ ಗೊತ್ತಿಲ್ಲ. ಎಷ್ಟು ಸಲ ಸ್ಯಾಂಪಲ್‌ಗಾಗಿ ಬಿಸಿಲಲ್ಲಿ ಕಾಯಿಸಿದ್ದೆ ಅವರನ್ನು.

ತಕ್ಕಡಿಯನ್ನು ಇವರು ಅಟ್ಟದ ಮೇಲೆ ಹಾಕಿದ್ದಾರೆ. ಈರುಳ್ಳಿಯನ್ನು ಈಗ ಕಣ್ಣಂದಾಜಿನಲ್ಲಿ ಹಾಕುತ್ತಾರೆ. ಅಡುಗೆ ಕಣ್ಣೀರು ತರಿಸುವಂತಿದೆ. ಈ ಕಣ್ಣೀರಿಗಾದರೂ ಕಾರಣ ಗೊತ್ತು.

ಜೂನ್ 1

ಚೋಟಿಗೆ ಆರು ವಾರದ ಲಸಿಕೆ. ಇವರೇ ಕರೆದುಕೊಂಡು ಹೋದರು. ನನಗೆ ಗೇಟಿನ ತನಕವೂ ಹೋಗಲಾಗಲಿಲ್ಲ. ಚಪ್ಪಲಿ ಹಾಕಿದೆ, ಬಿಚ್ಚಿದೆ.

ಅಮ್ಮನಿಗೆ ಹೇಳಿದೆ ಇವತ್ತು, ಎಲ್ಲ.

"ನಾನೇ ಹಾಲು ಹಾಲು ಅಂತ ನಿನ್ನ ಪ್ರಾಣ ತಿಂದೆ ಅಲ್ವೇನೇ?"

"ನಿನ್ನಿಂದ ಅಲ್ಲಮ್ಮ."

"ಇನ್ಮೇಲೆ ಕೇಳಲ್ಲ. ಏನೂ ಕೇಳಲ್ಲ. ಫೋನ್ ಕಟ್ ಮಾಡ್ಬೇಡ. ಹಾಗೇ ಶೆಲ್ಫ್ ಮೇಲಿಡು. ನಿನ್ನ ಕೆಲಸ ನೀನು ಮಾಡ್ಕೋ, ನನ್ನದು ನಾನು ಮಾಡ್ಕೋತೀನಿ."

ಇಟ್ಟೆ. ಇಡೀ ಮಧ್ಯಾಹ್ನ ಲೈನ್ ತೆರೆದೇ ಇತ್ತು. ಆ ಕಡೆ ನಲ್ಲಿ ಬಿಡುವುದು, ಪಾತ್ರೆ ಉಜ್ಜುವುದು, ಅಪ್ಪನಿಗೆ "ಒದ್ದೆ ಕಾಲಲ್ಲಿ ಬರ್ಬೇಡಿ ಅಂದೆ" ಅನ್ನುವುದು. ನನಗೆ ಒಂದು ಮಾತೂ ಇಲ್ಲ. ಈ ಕಡೆ ಚೋಟಿ ಅತ್ತರೆ ಅಲ್ಲಿ ಪಾತ್ರೆ ಸದ್ದು ಒಂದು ಕ್ಷಣ ನಿಲ್ಲುತ್ತಿತ್ತು. ನಾನು ಎತ್ತಿಕೊಂಡೆ ಅಂತ ಗೊತ್ತಾದ ಮೇಲೆ ಮತ್ತೆ ಶುರು.

ಪಾಸ್ ಸಿಗದಿದ್ದರೂ ಅಮ್ಮ ಬಂದಿದ್ದಾಳೆ.

ಜೂನ್ 9

ಸ್ನಾನ ಮಾಡುವಾಗ ಏನೋ ಗುನುಗುತ್ತಿದ್ದೆನಂತೆ. ಇವರು ಹೇಳಿದರು. ನನಗೆ ಗೊತ್ತೇ ಆಗಿಲ್ಲ.

ಜೂನ್ 11

ಇವತ್ತು ಕೆಟ್ಟ ದಿನ. ಬೆಳಿಗ್ಗೆಯಿಂದ ಮತ್ತೆ ಅದೇ ಭಾರ. ಎಲ್ಲ ಹಿಂದಕ್ಕೆ ಹೋಯಿತು ಅಂತ ಹೆದರಿದೆ. ಸಿಸ್ಟರಿಗೆ ಫೋನ್. "ಆ ಯೋಚನೆ ಬಂತಾ?" ಬಂತು, ನಿಲ್ಲಲಿಲ್ಲ ಅಂದೆ. "ನಿಲ್ಲಲಿಲ್ಲ ಅಲ್ವಾ? ಹೋದ ತಿಂಗಳು ಮನೆ ಮಾಡ್ಕೊಂಡಿತ್ತು. ಇವತ್ತು ಬಾಗಿಲು ತಟ್ಟಿ ಹೋಯ್ತು. ಡಾಕ್ಟರಿಗೂ ಹೇಳಿಡ್ತೀನಿ. ಊಟ ಮಾಡಿ ಮಲಗಿ" ಅಂದರು. ಊಟ ಮಾಡಿ ಮಲಗಿದೆ. ಇವರು ಪಕ್ಕದಲ್ಲೇ ಕೂತಿದ್ದರು, ಚೋಟಿಗೆ ಟ್ಯಾಂಕರಿನ ಗೇರ್ ಹಾಕುವುದನ್ನು ಹೇಳಿಕೊಡುತ್ತಾ.

ಜೂನ್ 18, ಸಂಜೆ 5

ಚೋಟಿ ಕುಡಿಯುತ್ತಿದ್ದವಳು ಎದೆ ಬಿಟ್ಟು, ತಲೆ ಹಿಂದಕ್ಕೆ ಹಾಕಿ ನನ್ನನ್ನು ನೋಡಿದಳು. ನೋಡಿ ನಕ್ಕಳು. ಬಾಯಿಂದ ಹಾಲು ಇಳಿಯುತ್ತಿತ್ತು. ನಿದ್ದೆಯ ನಗುವಲ್ಲ, ನನ್ನನ್ನು ನೋಡಿಯೇ ನಕ್ಕದ್ದು. ನಾನು ಮುಖ ತಿರುಗಿಸಲಿಲ್ಲ.

ಖುಷಿ ಬರಲಿ ಅಂತ ಕಾಯಲೂ ಇಲ್ಲ. ಆಗಲೇ ಬಂದಿತ್ತು.

ಜೂನ್ 23

ಇವರು ಡ್ಯೂಟಿಗೆ ಹೋದರು. ಹೋಗುವ ಮುಂಚೆ ಹತ್ತು ಸಲ "ಹೋಗ್ಲಾ?" ನಾನೇ ಗದರಿ ಕಳಿಸಿದೆ. ಮಧ್ಯಾಹ್ನದ ತನಕ ಅಮ್ಮ ಫೋನಿನಲ್ಲಿದ್ದಳು. ಆಮೇಲೆ ಗಾಜಿನಕ್ಕ ಬಂದಳು, ತನ್ನ ಹಸುವಿನ ಹಾಲು ತಂದುಕೊಂಡು. ಇನ್ನು ದಿನಾ ಮಧ್ಯಾಹ್ನ ಬರುತ್ತಾಳಂತೆ. "ಟೆಸ್ಟ್ ಮಾಡ್ಬೇಡ, ಕುಡಿ" ಅಂದಳು. ಕುಡಿದೆ.

ಜೂನ್ 29, ಮಧ್ಯಾಹ್ನ 2.15

ಹತ್ತು ವಾರದ ಲಸಿಕೆ. ಈ ಸಲ ನಾನೇ ಕರೆದುಕೊಂಡು ಹೋದೆ. ನಾನು ಮತ್ತು ಚೋಟಿ, ಇಬ್ಬರೇ.

ಕೇಂದ್ರದ ಅಂಗಳದಲ್ಲಿ ಸುಣ್ಣದ ವೃತ್ತಗಳು, ಒಂದೊಂದರಲ್ಲಿ ಒಬ್ಬೊಬ್ಬರು. ಎಲ್ಲರ ಮುಖಕ್ಕೂ ಮಾಸ್ಕ್. ಬಾಗಿಲಲ್ಲಿ ಒಬ್ಬರು ಕಾರ್ಡು ಹಿಡಿದು ನಿಂತಿದ್ದರು, ಪ್ಲಾಸ್ಟಿಕ್ ಪರದೆ, ಗೌನು, ಗ್ಲೌಸು. ಕಣ್ಣು ಕೂಡ ಸರಿಯಾಗಿ ಕಾಣದು. ಕೂಗುವ ದಪ್ಪ ದನಿಯಿಂದ ಗೊತ್ತಾಯಿತು, ಸಿಸ್ಟರ್. ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಕುಳ್ಳಗಿದ್ದಾರೆ! ಆ ದನಿಗೆ ಆರಡಿ ಆಳನ್ನು ಕಟ್ಟಿಕೊಂಡಿದ್ದೆ.

"ಏಪ್ರಿಲ್ ಇಪ್ಪತ್ತರ ಹೆಣ್ಣು ಮಗು. ತಾಯಿ ಯಾರು?"

"ನಾನು" ಅಂದೆ. ಸ್ವಲ್ಪ ಜೋರಾಗೇ ಬಂತು. ಮುಂದಿನ ಮೂರು ವೃತ್ತಗಳು ತಿರುಗಿ ನೋಡಿದವು. "ನಾನೇ ತಾಯಿ, ಸಿಸ್ಟರ್."

ಕಾರ್ಡು ಹಿಡಿದ ಕೈ ಅಲ್ಲೇ ನಿಂತಿತು. ದನಿಯಿಂದಲೇ ಗುರುತು ಹಿಡಿದರು. ಹತ್ತಿರ ಬರುವಂತಿಲ್ಲ, ಮುಟ್ಟುವಂತಿಲ್ಲ. ಪರದೆಯೊಳಗೆ ಉಸಿರಿಗೆ ಮಂಜು ಕಟ್ಟಿತು. "ಬನ್ನಿ, ಬನ್ನಿ. ಒಳಗೆ ಬನ್ನಿ" ಅಂತ ಮಾತ್ರ ಅಂದರು, ಎರಡು ಸಲ.

ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಎದುರು ನಿಂತಾಗ ಬಂದದ್ದು — "ಮಾತ್ರೆ ತಪ್ಪಿಸಿಲ್ಲ ಸಿಸ್ಟರ್." ಪೆದ್ದಿ. ಸೂಜಿಗೆ ಚೋಟಿ ಕಿರುಚಿದಳು, ಎದೆಗೆ ಹಾಕಿದೆ, ಅಲ್ಲೇ ಬೆಂಚಿನ ಮೇಲೆ. ಸುಮ್ಮನಾದಳು. ಅಷ್ಟು ಹೊತ್ತಿಗೆ ಮುಂದಿನ ಮಗು.

ಮುಂದಿನ ಲಸಿಕೆ ಜುಲೈ 27. ಅವತ್ತು ಮರೆಯಬಾರದು. ಈಗಲೇ ಬರೆದಿಟ್ಟುಕೊಳ್ಳುತ್ತೇನೆ, ಚೀಟಿ ನೋಡಿಯಾದರೂ ಓದಿಬಿಡುತ್ತೇನೆ.

ಸಿಸ್ಟರ್, ಮೇ ಇಪ್ಪತ್ತನಾಲ್ಕರ ಸಂಜೆ ಎರಡನೇ ರಿಂಗಿಗೇ ನೀವು ಫೋನ್ ಎತ್ತಿದ್ದರಿಂದ, ಈ ಹೊತ್ತು ನನ್ನ ಮಗಳು ಅತ್ತರೆ ಎತ್ತಿಕೊಳ್ಳುವುದಕ್ಕೆ ನಾನು

ಎದ್ದಳು.